ಕಾರ್ಮಿಲಾ ಓದಿದವರು ಬನ್ನಿ, ಒಂದು ಪ್ರಶ್ನೆ ಇದೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲಾ' ಓದಿ ಮುಗಿಸಿದೆ. ತಲೆಯಿಂದ ಹೋಗುತ್ತಲೇ ಇಲ್ಲ. ಮಾತಾಡೋಣ ಅಂದರೆ ಸುತ್ತ ಓದಿದವರು ಯಾರೂ ಇಲ್ಲ, ಅದಕ್ಕೇ ಇಲ್ಲಿಗೆ ಬಂದೆ.

ಓದದವರಿಗೆ ಕಥೆ ಇಷ್ಟು. ಆಸ್ಟ್ರಿಯಾದ ಸ್ಟೈರಿಯಾದಲ್ಲಿ, ಕಾಡಿನ ನಡುವೆ ಒಂದು ಹಳೇ ಕೋಟೆಮನೆ. ಅಲ್ಲಿ ಲಾರಾ ಅಪ್ಪನ ಜೊತೆ ಇರುತ್ತಾಳೆ. 19 ವರ್ಷ. ಅಮ್ಮ ಇಲ್ಲ, ಓರಗೆಯ ಗೆಳತಿಯರೂ ಇಲ್ಲ. ಒಂದು ರಾತ್ರಿ ಬೆಳದಿಂಗಳಲ್ಲಿ ಮನೆ ಮುಂದೆಯೇ ಒಂದು ಸಾರೋಟು ಉರುಳುತ್ತದೆ. ಅದರಲ್ಲಿದ್ದ ಹೆಂಗಸು ತುರ್ತು ಕೆಲಸ ಅಂತ ತನ್ನ ಮಗಳನ್ನು ಮೂರು ತಿಂಗಳ ಮಟ್ಟಿಗೆ ಇವರಲ್ಲಿ ಬಿಟ್ಟು ಹೋಗುತ್ತಾಳೆ. ಆ ಮಗಳೇ ಕಾರ್ಮಿಲಾ. ಲಾರಾಳ ಕೈ ಹಿಡಿಯುತ್ತಾಳೆ, ಕೆನ್ನೆಗೆ ಕೆನ್ನೆ ಒತ್ತುತ್ತಾಳೆ, ನೀನು ನನ್ನವಳು ಅನ್ನುತ್ತಾಳೆ. ಅತ್ತ ಹಳ್ಳಿಯಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಇತ್ತ ಲಾರಾ ದಿನದಿನಕ್ಕೆ ಸೊರಗುತ್ತಾಳೆ.

ಕಾರ್ಮಿಲಾ ವ್ಯಾಂಪೈರ್, ಅಂದರೆ ರಕ್ತ ಹೀರುವ ಪಿಶಾಚಿ. ಕೊಲೆಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವಳು ಬರುವ ಪುಟಗಳಿಗಾಗಿಯೇ ಕಾದು ಓದಿದೆ. ಕೊನೆಗೆ ಅವಳನ್ನು ಕೊಂದಾಗ ನೆಮ್ಮದಿ ಆಗಬೇಕಿತ್ತು, ಆಗಲಿಲ್ಲ. ಸಂಕಟ ಆಯಿತು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಅಂದರೆ ಪಿಶಾಚಿ ಅಂತ ಹೇಳುವ ಕಥೆಯನ್ನು ನಾನು ಹೀಗೆ ಹಚ್ಚಿಕೊಳ್ಳಬಹುದಾ? ಈಗ ಬರುತ್ತಿರುವ ಡಾರ್ಕ್ ರೊಮ್ಯಾನ್ಸ್ (ಭಯ, ಹಿಂಸೆ ಬೆರೆತ ಪ್ರೇಮಕಥೆಗಳು) ಓದುವಾಗಲೂ ಇದೇ ಗೊಂದಲ. ನಿಮಗೆಲ್ಲ ಏನನ್ನಿಸುತ್ತದೆ?

ಕರಾವಳಿಗಾಳಿ

ಧಾರಾಳವಾಗಿ ಹಚ್ಚಿಕೊಳ್ಳಿ. ಲಾರಾಗೂ ಹಾಗೇ ಆಗಿತ್ತು ಅಲ್ವಾ? ಕಾರ್ಮಿಲಾ ಹತ್ತಿರ ಬಂದರೆ ಸೆಳೆತವೂ ಆಗುತ್ತಿತ್ತು, ಹೇವರಿಕೆಯೂ ಆಗುತ್ತಿತ್ತು ಅಂತ ಅವಳೇ ಹೇಳುತ್ತಾಳೆ.

ಹಳೇಪುಸ್ತಕ

ಸ್ವಲ್ಪ ಹಿನ್ನೆಲೆ. ಈ ಕಥೆ 1871-72ರಲ್ಲಿ 'ದ ಡಾರ್ಕ್ ಬ್ಲೂ' ಎಂಬ ಲಂಡನ್ ಪತ್ರಿಕೆಯಲ್ಲಿ ಕಂತುಗಳಲ್ಲಿ ಬಂತು. 1872ರಲ್ಲಿ 'ಇನ್ ಎ ಗ್ಲಾಸ್ ಡಾರ್ಕ್ಲಿ' ಸಂಕಲನಕ್ಕೆ ಸೇರಿತು. ಬ್ರಾಮ್ ಸ್ಟೋಕರ್ ಬರೆದ 'ಡ್ರಾಕುಲಾ' ಬಂದದ್ದು 1897ರಲ್ಲಿ. ಅಂದರೆ ಕೌಂಟ್ ಡ್ರಾಕುಲಾಗಿಂತ 25 ವರ್ಷ ಮುಂಚೆಯೇ ಈ ಹುಡುಗಿ ಬಂದಿದ್ದಳು. ಲೆ ಫಾನು, ಸ್ಟೋಕರ್ ಇಬ್ಬರೂ ಡಬ್ಲಿನ್‌ನವರು. ಇಬ್ಬರೂ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು. ಲೆ ಫಾನು ಪಾಲು ಹೊಂದಿದ್ದ ಪತ್ರಿಕೆಗೇ ಸ್ಟೋಕರ್ ನಾಟಕ ವಿಮರ್ಶೆ ಬರೆಯುತ್ತಿದ್ದ. ಹಾಗಾಗಿ ವ್ಯಾಂಪೈರ್ ಕಥೆಗಳ ಬುಡದಲ್ಲೇ ಹೆಣ್ಣನ್ನು ಬಯಸುವ ಹೆಣ್ಣು ಇದ್ದಾಳೆ. ಇದನ್ನು ಈಗಿನವರು ತಂದು ತುರುಕಿದ್ದಲ್ಲ.

ಮಂಜಿನಬೆಟ್ಟ

@ಹಳೇಪುಸ್ತಕ ಬುಡ ಅಂದರೆ ಒಪ್ಪಲ್ಲ. ಪೊಲಿಡೊರಿಯ 'ದ ವ್ಯಾಂಪೈರ್' 1819ರದ್ದು. ಅಲ್ಲಿ ರಕ್ತ ಹೀರುವವನು ಲಾರ್ಡ್ ರುತ್ವೆನ್, ಗಂಡಸು. ಹೆಣ್ಣಿನ ದಾರಿ ಹುಡುಕಬೇಕಾದರೆ ಕೋಲ್‌ರಿಜ್‌ನ 'ಕ್ರಿಸ್ಟಬೆಲ್' ಕವನ ನೋಡಿ. ಅದು 1816ರಲ್ಲಿ ಅಚ್ಚಾಯಿತು. ನಡುರಾತ್ರಿ ಕಾಡಿನಲ್ಲಿ ಸಿಕ್ಕ ಜೆರಾಲ್ಡೀನ್‌ಳನ್ನು ಕ್ರಿಸ್ಟಬೆಲ್ ಮನೆಗೆ ಕರೆತರುತ್ತಾಳೆ. ಬಾಗಿಲ ಹತ್ತಿರ ಬಂದ ಕೂಡಲೇ ಜೆರಾಲ್ಡೀನ್ ಕುಸಿಯುತ್ತಾಳೆ, ಹೊಸ್ತಿಲು ದಾಟಲು ಅವಳ ಕೈಲಾಗಲ್ಲ. ಕ್ರಿಸ್ಟಬೆಲ್ ಅವಳನ್ನು ಎತ್ತಿಕೊಂಡು ಒಳಗೆ ತರುತ್ತಾಳೆ. ಕೆಟ್ಟದ್ದನ್ನು ತಾನೇ ಎತ್ತಿ ಒಳಗೆ ತಂದುಕೊಳ್ಳುವುದು! ಕವಿ ಅದನ್ನು ಮುಗಿಸದೇ ಬಿಟ್ಟ.

ನೇರಮಾತು

ಎಲ್ಲವನ್ನೂ ಬರೆದದ್ದು ಗಂಡಸರು. ಅದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡುತ್ತಿದ್ದೀರಿ.

'ಕಾರ್ಮಿಲಾ' ಕೊನೆಯಲ್ಲಿ ಯಾರ್ಯಾರಿದ್ದಾರೆ ನೋಡಿ. ಅಪ್ಪ, ಒಬ್ಬ ಜನರಲ್, ಒಬ್ಬ ಬ್ಯಾರನ್, ಇಬ್ಬರು ವೈದ್ಯರು. ಎದೆಗೆ ಗೂಟ, ತಲೆ ಬೇರೆ, ಸುಟ್ಟು ಬೂದಿ ಹೊಳೆಗೆ. ಅಲ್ಲಿ ಒಬ್ಬ ಹೆಣ್ಣೂ ಇಲ್ಲ. ಲಾರಾಳನ್ನು ಕೇಳಿದವರಿಲ್ಲ. ಇಂಥದ್ದು ನಡೆದರೆ ಮನೆಯ ಗಂಡಸರು ಹೇಗೆ ಸರಿಪಡಿಸಬೇಕು ಅಂತ ತೋರಿಸಿಕೊಟ್ಟ ಕಥೆ ಇದು. ಆಮೇಲೆ 1970ರಲ್ಲಿ ಬ್ರಿಟನ್ನಿನ ಹ್ಯಾಮರ್ ಕಂಪನಿ ಇದನ್ನೇ 'ದ ವ್ಯಾಂಪೈರ್ ಲವರ್ಸ್' ಅಂತ ಸಿನಿಮಾ ಮಾಡಿತು. ಅದಂತೂ ಪೂರ್ತಿ ಗಂಡಸರು ನೋಡಲಿ ಅಂತಲೇ ತೆಗೆದದ್ದು. ಇದನ್ನು ನಮ್ಮ ಕಥೆ ಅಂತ ಹೇಗೆ ಎದೆಗೆ ಒತ್ತಿಕೊಳ್ಳಲಿ?

ಸಂಪಿಗೆಮರ

@ನೇರಮಾತು ಸಿನಿಮಾ ಬಗ್ಗೆ ನೂರಕ್ಕೆ ನೂರು ಒಪ್ಪಿದೆ. ಪುಸ್ತಕದ ಬಗ್ಗೆ ಇಲ್ಲ.

ಓದುದೀಪ

ನೇರಮಾತು ಅವರು ಹೇಳಿದ ಆ ಕೊನೆಯನ್ನೇ ಇನ್ನೊಂದು ಸಲ ನಿಧಾನವಾಗಿ ಓದಿ. ಗೋರಿ ತೆಗೆದಾಗ ಲಾರಾ ಅಲ್ಲಿ ಇರಲಿಲ್ಲ. ಸೀಸದ ಪೆಟ್ಟಿಗೆಯಲ್ಲಿ ಏಳು ಅಂಗುಲ ರಕ್ತ, ಕಣ್ಣು ತೆರೆದಿತ್ತು, ಉಸಿರಾಡುತ್ತಿದ್ದಳು ಅಂತೆಲ್ಲ ಬರೆಯುತ್ತಾಳಲ್ಲ, ಅದನ್ನು ಸರ್ಕಾರಿ ಆಯೋಗದ ವರದಿಯಿಂದ ತೆಗೆದುಕೊಂಡೆ ಅಂತ ಅವಳೇ ಹೇಳುತ್ತಾಳೆ. ಅಪ್ಪನ ಹತ್ತಿರ ಅದರ ಪ್ರತಿ ಇತ್ತು. ಓದಿದರೆ ಗೊತ್ತಾಗುತ್ತದೆ, ಅಲ್ಲಿ ಭಾಷೆಯೇ ಬೇರೆ. ಪಂಚನಾಮೆ ಓದಿದ ಹಾಗೆ ಒಣಒಣ. ಕಾರ್ಮಿಲಾಳ ಕೂದಲು ಎಷ್ಟು ದಟ್ಟ ಇತ್ತು, ಅದನ್ನು ಕೈಯಲ್ಲಿ ಎತ್ತಿದರೆ ಎಷ್ಟು ಭಾರ ಇತ್ತು, ಬಿಚ್ಚಿ ಹೆಣೆದು ಆಡುತ್ತಿದ್ದೆ ಅಂತ ಹೇಳುವಾಗ ಮಾತ್ರ ಲಾರಾ ತನ್ನದೇ ದನಿಯಲ್ಲಿ ಮಾತಾಡುತ್ತಾಳೆ. ಸಾವು ಸರ್ಕಾರದ್ದು, ನೆನಪು ಅವಳದ್ದು. ಲೆ ಫಾನು ಇದನ್ನು ಬೇಕೆಂದೇ ಮಾಡಿದನೋ ಇಲ್ಲವೋ, ಪುಟದ ಮೇಲೆ ಇರುವುದು ಅದೇ.

ಇನ್ನೊಂದು ಜಾಗ ಇದೆ. ಗ್ರಾಜ್‌ನಿಂದ ಹಳೇ ಚಿತ್ರಗಳನ್ನು ತೊಳೆಸಿ ತರಿಸುತ್ತಾರೆ. ಕೊಳೆ ಹೋದ ಮೇಲೆ ಒಂದು ಚಿತ್ರದಲ್ಲಿ ಕಾರ್ಮಿಲಾಳದ್ದೇ ಮುಖ ಕಾಣುತ್ತದೆ. ಹೆಸರು ಕಾರ್ನ್‌ಸ್ಟೈನ್ ಮನೆತನದ ಮಿರ್ಕಾಲಾ, ಇಸವಿ 1698. ಕತ್ತಿನ ಮೇಲಿನ ಮಚ್ಚೆ ಕೂಡ ಅದೇ. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಲಾರಾ ಏನು ಮಾಡುತ್ತಾಳೆ? ಅಪ್ಪಾ, ಇದನ್ನು ನನ್ನ ಕೋಣೆಯಲ್ಲಿ ತೂಗು ಹಾಕಿಕೊಳ್ಳಲಾ ಅಂತ ಕೇಳುತ್ತಾಳೆ. ಅದೇ ಮಾತುಕತೆಯಲ್ಲಿ, ತನ್ನ ಅಮ್ಮ ಕೂಡ ಆ ಕಾರ್ನ್‌ಸ್ಟೈನ್ ಮನೆತನದವಳೇ ಅಂತಲೂ ಹೇಳುತ್ತಾಳೆ. ಅಮ್ಮನ ಮುಖವೇ ನೆನಪಿಲ್ಲದ ಹುಡುಗಿಗೆ ತಾಯಿ ಕಡೆಯಿಂದ ಬಂದವಳು ಕಾರ್ಮಿಲಾ ಒಬ್ಬಳೇ.

ತುಂಗಾತೀರ

@ಓದುದೀಪ ಆ ಚಿತ್ರದ ಜಾಗ ಓದುವಾಗ ನನಗೂ ಮೈ ಜುಂ ಅಂದಿತ್ತು. ವರದಿಯ ವಿಷಯ ಮಾತ್ರ ಹೊಸದು, ಮತ್ತೆ ಹೋಗಿ ನೋಡುತ್ತೇನೆ.

ಗಡಿಬಿಡಿ

ಎಲ್ಲಿ ಸಿಗುತ್ತದೆ ಇದು? ದುಡ್ಡು ಕೊಡಬೇಕಾ?

ಹಳೇಪುಸ್ತಕ

@ಗಡಿಬಿಡಿ ಕಾಪಿರೈಟ್ ಎಂದೋ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಚಿಕ್ಕದು, 16 ಅಧ್ಯಾಯ. ಇಂಗ್ಲಿಷ್ ಸ್ವಲ್ಪ ಹಳೇ ಶೈಲಿ, ಎರಡು ಅಧ್ಯಾಯ ದಾಟಿದರೆ ಹಿಡಿತ ಸಿಗುತ್ತದೆ.

ಕತ್ತಲೆಕೋಣೆ

ಲಾರಾಗೆ ಕೊನೆಗೆ ಏನಾಯಿತು ಅಂತ ಯಾರೂ ಮಾತೇ ಎತ್ತಲಿಲ್ಲವಲ್ಲ! ಸ್ಪಾಯ್ಲರ್ ಇದೆ, ಓದದವರು ಇದನ್ನು ದಾಟಿ ಹೋಗಿ.

ಪುಸ್ತಕದ ಮೊದಲಿಗೇ ಒಂದು ಪುಟ್ಟ ಮುನ್ನುಡಿ ಇದೆ. ಈ ಬರಹ ಬರೆದವಳನ್ನು ಸಂಪರ್ಕಿಸೋಣ ಅಂತಿದ್ದೆ, ಅಷ್ಟರಲ್ಲಿ ತೀರಿಕೊಂಡಿದ್ದಳು ಅಂತ ಅಲ್ಲಿ ಬರುತ್ತದೆ. ಹೇಗೆ ಸತ್ತಳು ಅಂತ ಇಲ್ಲ. ಕೊನೆಯ ಅಧ್ಯಾಯದಲ್ಲಿ ವ್ಯಾಂಪೈರ್ ಹೇಗೆ ಹೆಚ್ಚುತ್ತವೆ ಅಂತ ವಿವರಣೆ ಇದೆ: ವ್ಯಾಂಪೈರ್‌ಗೆ ಬಲಿಯಾಗಿ ಸತ್ತವರು ಗೋರಿಯಲ್ಲಿ ತಾವೂ ವ್ಯಾಂಪೈರ್ ಆಗುತ್ತಾರೆ. ಲಾರಾ ಬರೆಯುತ್ತಿರುವುದು ಹತ್ತು ವರ್ಷದ ಮೇಲೆ. ಕೈ ನಡುಗುತ್ತಿದೆ ಅನ್ನುತ್ತಾಳೆ. ಕಾರ್ಮಿಲಾಳ ಹೆಜ್ಜೆ ಸಪ್ಪಳ ಬಾಗಿಲಲ್ಲಿ ಕೇಳಿದ ಹಾಗಾಗುತ್ತದೆ ಅಂತ ಹೇಳಿ ನಿಲ್ಲಿಸುತ್ತಾಳೆ. ಮೊದಲ ಪುಟ, ಕೊನೇ ಪುಟ ಎರಡನ್ನೂ ಜೋಡಿಸಿ. ಗಂಡಸರು ಗೆದ್ದರು ಅಂತ ನನಗಂತೂ ಅನ್ನಿಸಲ್ಲ.

ಮಂಜಿನಬೆಟ್ಟ

@ಕತ್ತಲೆಕೋಣೆ ಇದು ಜಾಸ್ತಿ ಎಳೆದ ಹಾಗಾಯಿತು. ಸತ್ತಳು ಅಂದರೆ ಸತ್ತಳು. ಆ ಕಾಲದಲ್ಲಿ ಜ್ವರ ಬಂದರೂ ಸಾಯುತ್ತಿದ್ದರು. ಕಾರ್ಮಿಲಾ ಕಚ್ಚಿ ಲಾರಾ ಸಾಯಲಿಲ್ಲ, ಬದುಕಿ ಉಳಿದಳು. ನಿಯಮ ಇರುವುದು ಕಚ್ಚಿಸಿಕೊಂಡು ಸತ್ತವರಿಗೆ.

ಕತ್ತಲೆಕೋಣೆ

@ಮಂಜಿನಬೆಟ್ಟ ಎಳೆದದ್ದು ನಾನಲ್ಲ, ಲೇಖಕ. ಸಾಯಿಸುವ ಅಗತ್ಯ ಇಲ್ಲದಿದ್ದರೆ ಮುನ್ನುಡಿಯಲ್ಲಿ ಸಾಯಿಸುವುದು ಯಾಕೆ? ಬದುಕಿದ್ದಾಳೆ ಅಂದಿದ್ದರೆ ಕಥೆಗೆ ಏನೂ ಕಮ್ಮಿ ಆಗುತ್ತಿರಲಿಲ್ಲ.

ಕರಾವಳಿಗಾಳಿ

ನಾನು ಕತ್ತಲೆಕೋಣೆ ಕಡೆ.

ಓದುದೀಪ

ನಾನು ಮಧ್ಯೆ. ವ್ಯಾಂಪೈರ್ ಆದಳು ಅಂತ ಹೇಳಲು ಆಧಾರ ಸಾಲದು. ಆದರೆ ವಾಸಿ ಆದಳು ಅಂತ ಹೇಳಲೂ ಆಧಾರ ಇಲ್ಲ. ಅಪ್ಪ ಅವಳನ್ನು ಇಟಲಿಗೆ ಕರೆದುಕೊಂಡು ಹೋಗುತ್ತಾನೆ, ವರ್ಷಕ್ಕೂ ಹೆಚ್ಚು ಕಾಲ ಸುತ್ತಾಡಿಸುತ್ತಾನೆ. ಆದರೂ ಆ ಭಯ ಇಳಿಯಲು ತುಂಬಾ ಕಾಲ ಬೇಕಾಯಿತು ಅಂತ ಅವಳೇ ಹೇಳುತ್ತಾಳೆ.

ಹೆಸರುಬೇಡ

ತುಂಗಾತೀರ ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ. ಬೇರೆ ಕಡೆ ಹೇಳಲು ಆಗಲ್ಲ, ಇಲ್ಲಿ ಹೇಳಬಹುದು ಅನ್ನಿಸಿತು.

ನಾನು ಒಬ್ಬಳ ಜೊತೆ ಇದ್ದೆ. ಇಬ್ಬರೂ ಕೆಲಸಕ್ಕೆ ಹೋಗುವವರು, ಒಂದೇ ಮನೆ ಬಾಡಿಗೆಗೆ ತೆಗೆದುಕೊಂಡಿದ್ದೆವು. ಓನರ್ ಹತ್ತಿರ ಕಸಿನ್ಸ್ ಅಂತ ಹೇಳಿದ್ದೆವು. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ನನ್ನ ಫೋನ್ ಅವಳ ಕೈಗೆ ಹೋಯಿತು. ಆಫೀಸಿನಿಂದ ಹತ್ತು ನಿಮಿಷ ತಡವಾದರೆ ವಿಚಾರಣೆ. ಗೆಳತಿಯರ ಜೊತೆ ಮಾತು ನಿಂತಿತು. ಇಷ್ಟೊಂದು ಪ್ರೀತಿ ಇರುವುದಕ್ಕೇ ಹೀಗೆ ಅನ್ನುತ್ತಿದ್ದಳು. ನಾನೂ ನಂಬಿದ್ದೆ. ಯಾರಿಗೆ ಹೇಳಲಿ? ಅಮ್ಮನಿಗೆ ಹಿಂಸೆಯ ಬಗ್ಗೆ ಹೇಳಬೇಕಾದರೆ ಮೊದಲು ಪ್ರೀತಿಯ ಬಗ್ಗೆ ಹೇಳಬೇಕು. ಅದನ್ನೇ ಹೇಳದವಳು ಇದನ್ನು ಹೇಗೆ ಹೇಳಲಿ?

ಆಗ ಓದಿದ್ದು ಕಾರ್ಮೆನ್ ಮರಿಯಾ ಮಚಾಡೊ ಅವರ 'ಇನ್ ದ ಡ್ರೀಮ್ ಹೌಸ್'. 2019ರದ್ದು. ಅದು ಕಾದಂಬರಿ ಅಲ್ಲ, ಅವರದ್ದೇ ಬದುಕು. ಹೆಣ್ಣೊಬ್ಬಳ ಜೊತೆಗಿನ ಸಂಬಂಧದಲ್ಲಿ ಅನುಭವಿಸಿದ ಹಿಂಸೆ. ಚಿಕ್ಕ ಚಿಕ್ಕ ಅಧ್ಯಾಯಗಳು, ಒಂದೊಂದೂ ಒಂದೊಂದು ಬಗೆಯ ಕಥೆಯ ರೂಪದಲ್ಲಿ. ದೆವ್ವದ ಮನೆಯ ಕಥೆ ಕೂಡ ಅದರಲ್ಲಿದೆ. ನನ್ನ ಮನೆಯಲ್ಲಿ ನಡೆಯುತ್ತಿದ್ದದ್ದಕ್ಕೆ ಹಾರರ್ ಅಂತ ಕರೆಯಬಹುದು ಅಂತ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಹಾಗಾಗಿ ನನಗೆ ಡಾರ್ಕ್ ರೊಮ್ಯಾನ್ಸ್ ಬೇಡ ಅಂತಲ್ಲ. ಕತ್ತಲೆಯನ್ನು ಕತ್ತಲೆ ಅಂತಲೇ ತೋರಿಸುವ ಪುಸ್ತಕ ಬೇಕು. ಕಾವಲು ಕಾಯುವುದನ್ನು, ಬೀಗ ಹಾಕುವುದನ್ನು ಪ್ರೀತಿ ಅಂತ ಮಾರುವ ಪುಸ್ತಕ ಬೇಡ.

ಕರಾವಳಿಗಾಳಿ

@ಹೆಸರುಬೇಡ ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್ ಅಕ್ಕ. ಈಗ ಕ್ಷೇಮವಾಗಿದ್ದೀರಾ?

ಹೆಸರುಬೇಡ

@ಕರಾವಳಿಗಾಳಿ ಹ್ಞೂಂ, ಬೇರೆ ಊರು, ಬೇರೆ ಮನೆ. ಚೆನ್ನಾಗಿದ್ದೇನೆ.

ಸಂಪಿಗೆಮರ

ಹೆಸರುಬೇಡ ಅವರ ಮಾತಿಗೆ ತಲೆಬಾಗುತ್ತೇನೆ. ಆದರೂ ಡಾರ್ಕ್ ರೊಮ್ಯಾನ್ಸ್ ಪರವಾಗಿ ನಾಲ್ಕು ಮಾತು ಹೇಳಬೇಕು.

ಪುಸ್ತಕದೊಳಗೆ ಎಷ್ಟೇ ಭಯಂಕರ ನಡೆದರೂ ಮುಚ್ಚಿಡುವ ಅಧಿಕಾರ ನನ್ನ ಕೈಯಲ್ಲೇ ಇರುತ್ತದೆ. ಬದುಕಿನಲ್ಲಿ ಅದು ಇರಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬಯಕೆ ಅನ್ನುವುದೇ ಕೆಟ್ಟದ್ದು ಅಂತ ಹೇಳಿ ಬೆಳೆಸುತ್ತಾರೆ. ಇನ್ನು ಹೆಣ್ಣಿಗೆ ಹೆಣ್ಣಿನ ಮೇಲಿನ ಬಯಕೆ ಅಂದರೆ ಕೇಳುವುದೇ ಬೇಡ. ಬರೀ ಒಳ್ಳೆಯವರು, ಪಾಪದವರು, ಅಳುವವರು ಇರುವ ಕಥೆಗಳಲ್ಲಿ ನನಗೆ ಉಸಿರು ಕಟ್ಟುತ್ತದೆ. ಹಸಿವು ಇರುವ, ಸಿಟ್ಟು ಇರುವ, ಸ್ವಾರ್ಥ ಇರುವ ಹೆಂಗಸರು ನನಗೆ ಬೇಕು. ಎಲ್ಲರೂ ಮೆಚ್ಚುವ ಹಾಗೆ ಇದ್ದರೆ ಮಾತ್ರ ನಮ್ಮ ಕಥೆ ಬರೆಯುತ್ತೇವೆ ಅಂದರೆ ಅದೂ ಒಂದು ಬಂಧನ ಅಲ್ವಾ?

ಎಸ್. ಟಿ. ಗಿಬ್ಸನ್ ಅವರ 'ಎ ಡೌರಿ ಆಫ್ ಬ್ಲಡ್' ಓದಿ, 2021ರದ್ದು. ಡ್ರಾಕುಲಾನ ಹೆಂಡತಿ ಕಾನ್‌ಸ್ಟಾಂಟಾ ಅವನಿಗೇ ಹೇಳುವ ಮಾತುಗಳು. ಅವನನ್ನು ಕೊಂದ ಮೇಲೆ ಹೇಳುತ್ತಿದ್ದಾಳೆ, ಅದು ಶುರುವಿನಲ್ಲೇ ಗೊತ್ತಾಗುತ್ತದೆ. ಅವನ ಹೆಸರನ್ನು ಒಮ್ಮೆಯೂ ಎತ್ತಲ್ಲ. ಅವನು ತಂದ ಇನ್ನೊಬ್ಬಳು ಮಗ್ದಲೇನಾ, ಅವಳ ಮೇಲೆ ಕಾನ್‌ಸ್ಟಾಂಟಾಗೆ ಪ್ರೀತಿ ಬೆಳೆಯುತ್ತದೆ. ಅವನು ಹೇಗೆ ಅಂಕೆಯಲ್ಲಿ ಇಟ್ಟುಕೊಂಡಿದ್ದ ಅನ್ನುವುದನ್ನು ಒಂದಿಷ್ಟೂ ಮುಚ್ಚಿಡಲ್ಲ, ಆದರೂ ಅವನನ್ನು ಪ್ರೀತಿಸಿದ್ದೆ ಅನ್ನುವುದನ್ನೂ ಮುಚ್ಚಿಡಲ್ಲ. ಹೆಸರುಬೇಡ ಅವರು ಕೇಳಿದ್ದು ಇಂಥದ್ದೇ ಅಂತ ನನ್ನ ಭಾವನೆ.

ನೇರಮಾತು

@ಸಂಪಿಗೆಮರ ಮುಚ್ಚಿಡಬಹುದು ಅನ್ನುವುದು ದೊಡ್ಡವರಿಗೆ ಸರಿ. ಈಗ ರೀಲ್ಸ್‌ನಲ್ಲಿ ಈ ಪುಸ್ತಕಗಳನ್ನು ಚಂದದ ಮುಖಪುಟ, ಹಿನ್ನೆಲೆ ಸಂಗೀತ ಹಾಕಿ ತೋರಿಸುತ್ತಾರೆ. ಹೈಸ್ಕೂಲ್ ಹುಡುಗಿ ತೆಗೆದುಕೊಂಡರೆ ಒಳಗೆ ಏನಿದೆ ಅಂತ ಅವಳಿಗೆ ಹೇಳುವವರು ಯಾರು?

ಸಂಪಿಗೆಮರ

@ನೇರಮಾತು ಈ ಬಗೆಯ ಎಷ್ಟೋ ಪುಸ್ತಕಗಳ ಮೊದಲ ಪುಟದಲ್ಲೇ ಎಚ್ಚರಿಕೆ ಇರುತ್ತದೆ. ಒತ್ತಾಯ, ಹಿಂಸೆ, ಆತ್ಮಹತ್ಯೆ ಏನೇ ಇದ್ದರೂ ಪಟ್ಟಿ ಮಾಡಿರುತ್ತಾರೆ. ಹಳೇ ಹಾರರ್‌ಗಿಂತ ಇವರೇ ವಾಸಿ. ಹೈಸ್ಕೂಲಿನವರಿಗೆ ಅಲ್ಲವೇ ಅಲ್ಲ, ಅದನ್ನು ನಾನೂ ಒಪ್ಪುತ್ತೇನೆ.

ಮಲೆನಾಡಮಳೆ

ಎಲ್ಲರೂ ರಕ್ತದ ಹಿಂದೆಯೇ ಬಿದ್ದಿದ್ದೀರಿ. ಜೂಲಿಯಾ ಆರ್ಮ್‌ಫೀಲ್ಡ್ ಅವರ 'ಅವರ್ ವೈವ್ಸ್ ಅಂಡರ್ ದ ಸೀ' ಯಾರೂ ಓದಿಲ್ಲವಾ? 2022ರದ್ದು. ಮೀರಿ, ಲಿಯಾ ಇಬ್ಬರೂ ಮದುವೆಯಾದವರು. ಲಿಯಾ ಸಮುದ್ರದಾಳಕ್ಕೆ ಹೋಗುವ ನೌಕೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮೂರು ವಾರಕ್ಕೆ ಬರಬೇಕಾದವಳು ಆರು ತಿಂಗಳಿಗೆ ಬರುತ್ತಾಳೆ. ಬಂದವಳು ಮೊದಲಿನ ಹಾಗಿಲ್ಲ. ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲೇ ಕೂತಿರುತ್ತಾಳೆ. ಉಪ್ಪುನೀರು ಕುಡಿಯುತ್ತಾಳೆ. ಮೈ ನಿಧಾನಕ್ಕೆ ಬದಲಾಗುತ್ತದೆ. ಪುಸ್ತಕದ ಭಾಗಗಳಿಗೆ ಸಮುದ್ರದ ಪದರಗಳ ಹೆಸರು, ಬೆಳಕು ಬೀಳುವ ಪದರದಿಂದ ಶುರುವಾಗಿ ಕೆಳಕೆಳಗೆ ಹೋಗುತ್ತದೆ.

ಇಲ್ಲಿ ಪ್ರೀತಿಸಿದ್ದಕ್ಕೆ ಶಿಕ್ಷೆ ಇಲ್ಲ. ಇವರಿಬ್ಬರ ಪ್ರೀತಿಯನ್ನು ಯಾರೂ ಪ್ರಶ್ನೆ ಕೂಡ ಮಾಡಲ್ಲ. ಭಯ ಇರುವುದು ಬೇರೆಡೆ: ಪ್ರೀತಿಸಿದವರು ಕಣ್ಣೆದುರೇ ಕರಗಿ ಹೋಗುತ್ತಿದ್ದಾರೆ, ನಾವು ಟವೆಲ್ ಹಿಡಿದು ನಿಂತಿದ್ದೇವೆ. ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ ಇತ್ತು. ಅಜ್ಜಿ ನಮ್ಮ ತಾತನನ್ನೇ ಯಾರು ನೀವು ಅಂತ ಕೇಳುತ್ತಿದ್ದರು. ಈ ಪುಸ್ತಕ ಓದುವಾಗ ತಾತನ ಮುಖವೇ ಕಣ್ಣಮುಂದೆ ಬರುತ್ತಿತ್ತು.

ತುಂಗಾತೀರ

@ಮಲೆನಾಡಮಳೆ ಇದು ಬೇಕು. ಇವತ್ತೇ ಹುಡುಕುತ್ತೇನೆ.

ಹಳೇಪುಸ್ತಕ

ಶಿಕ್ಷೆ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಹಳೇ ಕಥೆಗಳಲ್ಲಿ ಕೊನೆಗೆ ಒಬ್ಬಳು ಸಾಯಬೇಕು, ಇಲ್ಲ ಹುಚ್ಚು ಹಿಡಿಯಬೇಕು, ಇಲ್ಲ ಗಂಡಸಿನ ಹತ್ತಿರ ವಾಪಸ್ ಹೋಗಬೇಕು. ಇದು ಬರೀ ಲೇಖಕರ ಮನಸ್ಸಿನಿಂದ ಬಂದದ್ದಲ್ಲ. ಅಮೆರಿಕದಲ್ಲಿ 1952ರಲ್ಲಿ ಅಂಥದ್ದೇ ಕಾದಂಬರಿ 'ಸ್ಪ್ರಿಂಗ್ ಫೈರ್' ಬಂತು. ಮಾರಿಜೇನ್ ಮೀಕರ್ ಅವರು ವಿನ್ ಪ್ಯಾಕರ್ ಹೆಸರಿನಲ್ಲಿ ಬರೆದದ್ದು. ಸುಖಾಂತ ಇದ್ದರೆ ಅಂಚೆ ಇಲಾಖೆಯವರು ಪುಸ್ತಕ ಮುಟ್ಟುಗೋಲು ಹಾಕುತ್ತಾರೆ, ಹಾಗಾಗಿ ಕೊನೆ ಕೆಟ್ಟದಾಗಿಯೇ ಇರಬೇಕು ಅಂತ ಪ್ರಕಾಶಕರು ಹೇಳಿದ್ದರು. ಅದೇ ವರ್ಷ ಪೆಟ್ರೀಷಿಯಾ ಹೈಸ್ಮಿತ್ ಅವರು ಕ್ಲೇರ್ ಮಾರ್ಗನ್ ಹೆಸರಿನಲ್ಲಿ 'ದ ಪ್ರೈಸ್ ಆಫ್ ಸಾಲ್ಟ್' ತಂದರು. ಅಲ್ಲಿ ಇಬ್ಬರೂ ಬದುಕುತ್ತಾರೆ, ಒಟ್ಟಿಗೆ ಬದುಕುವ ಆಸೆಯೂ ಉಳಿಯುತ್ತದೆ. ಅದಕ್ಕೇ ಓದುಗರು ಅದನ್ನು ಅಷ್ಟು ಪ್ರೀತಿಯಿಂದ ಇಟ್ಟುಕೊಂಡರು.

ಗಡಿಬಿಡಿ

ನಮ್ಮ ಕಡೆ ಇಂಥದ್ದು ಏನೂ ಇಲ್ವಾ? ನಮ್ಮಲ್ಲಿ ದೆವ್ವಗಳಿಗೇನು ಬರ. ಚಿಕ್ಕವಳಿದ್ದಾಗ ಬೆಂಗಳೂರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಬರೆಯುತ್ತಿದ್ದರು.

ಕರಾವಳಿಗಾಳಿ

@ಗಡಿಬಿಡಿ ನಮ್ಮ ಬೀದಿಯಲ್ಲೂ ಬರೆದಿದ್ದರು! ಚಾಕ್‌ಪೀಸ್‌ನಲ್ಲಿ. ಮಳೆ ಬಂದು ಅಳಿಸಿದರೆ ಅಮ್ಮ ಮತ್ತೆ ಬರೆಯುತ್ತಿದ್ದಳು.

ನೇರಮಾತು

ನಮ್ಮ ಮೋಹಿನಿಯರೆಲ್ಲ ಗಂಡಸರ ಹಿಂದೆಯೇ ಹೋಗುವವರು. ಹೆಣ್ಣನ್ನು ಹುಡುಕಿ ಬಂದ ಮೋಹಿನಿ ಕಥೆ ನಾನಂತೂ ಕೇಳಿಲ್ಲ.

ಗಡಿಬಿಡಿ

'ಆಪ್ತಮಿತ್ರ'ದ ನಾಗವಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಅವಳು ಕುಣಿಯುವ ಜಾಗ ಬಂದರೆ ಅಡುಗೆಮನೆಯಿಂದ ಎಲ್ಲರೂ ಓಡಿ ಬರುತ್ತಾರೆ.

ಓದುದೀಪ

ವಿಷಯಕ್ಕೆ ಬರೋಣ. @ಗಡಿಬಿಡಿ ನಮ್ಮ ದೇಶದಲ್ಲಿ ಇದೆ. ಉರ್ದುವಿನಲ್ಲಿ ಇಸ್ಮತ್ ಚುಗ್ತಾಯಿ ಅವರ 'ಲಿಹಾಫ್' (ಅಂದರೆ ರಜಾಯಿ) ಕಥೆ 1942ರಲ್ಲಿ ಬಂತು. ರಾತ್ರಿ ಗೋಡೆಯ ಮೇಲೆ ರಜಾಯಿಯ ನೆರಳು ಆನೆಯ ಹಾಗೆ ಅಲ್ಲಾಡುತ್ತದೆ, ನೋಡುವ ಪುಟ್ಟ ಹುಡುಗಿಗೆ ಅದು ಏನು ಅಂತ ಗೊತ್ತಿಲ್ಲ. ಅಲ್ಲಿ ಹೆಂಗಸರಿಬ್ಬರ ಪ್ರಣಯಕ್ಕಿಂತ ಆ ಮಗುವಿನ ಭಯ ದೊಡ್ಡದು, ಹಾಗಾಗಿ ಅದನ್ನು ರೊಮ್ಯಾನ್ಸ್ ಅಂತ ಕರೆಯಲಾರೆ. ಆ ಕಥೆಗಾಗಿ ಲಾಹೋರ್ ಕೋರ್ಟಿನಲ್ಲಿ ಅಶ್ಲೀಲತೆಯ ಕೇಸ್ ನಡೆಯಿತು. ಅವರು ಕ್ಷಮೆ ಕೇಳಲಿಲ್ಲ, ಕೇಸ್ ಬಿದ್ದುಹೋಯಿತು.

ನನಗೆ ಅದಕ್ಕಿಂತ ಇಷ್ಟ ರಾಜಸ್ಥಾನದ ವಿಜಯದಾನ್ ದೇಥಾ ಅವರ 'ದೋಹರಿ ಜೂಣ್'. ಇಬ್ಬರು ಅಪ್ಪಂದಿರು ಮಕ್ಕಳು ಹುಟ್ಟುವ ಮೊದಲೇ ಬೀಗರಾಗುವ ಮಾತು ಕೊಟ್ಟುಕೊಂಡಿರುತ್ತಾರೆ. ಇಬ್ಬರಿಗೂ ಹೆಣ್ಣು ಹುಟ್ಟುತ್ತದೆ. ಒಬ್ಬ ಅಪ್ಪ ವರದಕ್ಷಿಣೆ ಆಸೆಗೆ ಮಗಳನ್ನು ಗಂಡು ಅಂತ ಬೆಳೆಸಿ ಮದುವೆ ಮಾಡುತ್ತಾನೆ. ಗಂಡಾಗಿ ಬೆಳೆದವಳು ಬೀಜಾ, ಹೆಂಡತಿ ತೀಜಾ. ಮೊದಲ ರಾತ್ರಿ ನಿಜ ಗೊತ್ತಾಗುತ್ತದೆ. ಗೊತ್ತಾದ ಮೇಲೂ ಅವರು ಬೇರೆಯಾಗಲ್ಲ! ಊರು ಅವರನ್ನು ಸುಮ್ನೆ ಬಿಡಲ್ಲ. ಕೊನೆಗೆ ಆಸರೆ ಕೊಡುವುದು ಭೂತಗಳು. ಭೂತಗಳ ಒಡೆಯನೇ ಅವರಿಗೆ ಇರಲು ಅರಮನೆ ಕಟ್ಟಿಸಿಕೊಡುತ್ತಾನೆ.

ಮಂಜಿನಬೆಟ್ಟ

@ಓದುದೀಪ ಭೂತ ಒಳ್ಳೆಯದಾದರೆ ಅದು ಹಾರರ್ ಹೇಗೆ? ಅದು ಜನಪದ ಕಥೆಯ ಧಾಟಿ. ಇಲ್ಲಿ ಸೇರಿಸುವುದು ಸರಿಯಲ್ಲ.

ಓದುದೀಪ

@ಮಂಜಿನಬೆಟ್ಟ ಮುಂದಿನ ಭಾಗ ಕೇಳಿ, ಆಮೇಲೆ ಹೇಳಿ. ಭೂತದ ವರದಿಂದ ಬೀಜಾ ಗಂಡಸಾಗುತ್ತಾಳೆ. ಆದ ಮೇಲೆ ದನಿ ಬದಲಾಗುತ್ತದೆ, ನಡೆ ಬದಲಾಗುತ್ತದೆ. ತೀಜಾಳ ಮೇಲೆ ಹುಕುಂ ಶುರು. ನಾನು ಗಂಡ, ನೀನು ಹೆಂಡತಿ, ಹೇಳಿದ ಹಾಗೆ ಕೇಳು ಅನ್ನುವ ಮಟ್ಟಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಸರಿಸಮ ಇದ್ದವಳು ಯಜಮಾನ ಆಗಿಬಿಟ್ಟಳು. ಊರಿನವರಿಗೂ ಭೂತಗಳಿಗೂ ಹೆದರದ ತೀಜಾ ಹೆದರುವುದು ಆಗಲೇ. ಆಮೇಲೆ ಬೀಜಾ ಮತ್ತೆ ಹೆಣ್ಣಾಗುತ್ತಾಳೆ. ಹೆಸರುಬೇಡ ಅವರು ಬರೆದದ್ದು ಓದುವಾಗ ನನಗೆ ಈ ಕಥೆ ನೆನಪಾಯಿತು. ಹಾರರ್ ಎಲ್ಲಿದೆ ಅಂದರೆ ಅಲ್ಲೇ ಇದೆ.

ಹೆಸರುಬೇಡ

@ಓದುದೀಪ ಇದು ನನಗೆ ಗೊತ್ತೇ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಇದೆಯಾ? ರಾಜಸ್ಥಾನಿ ನನಗೆ ಬರಲ್ಲ.

ಓದುದೀಪ

@ಹೆಸರುಬೇಡ ರೂತ್ ವನಿತಾ, ಸಲೀಂ ಕಿದ್ವಾಯಿ ಇಬ್ಬರೂ ಸೇರಿ 2000ರಲ್ಲಿ ತಂದ 'ಸೇಮ್-ಸೆಕ್ಸ್ ಲವ್ ಇನ್ ಇಂಡಿಯಾ' ಸಂಕಲನದಲ್ಲಿ 'ಎ ಡಬಲ್ ಲೈಫ್' ಹೆಸರಿನಲ್ಲಿ ಇದೆ. ದಪ್ಪ ಪುಸ್ತಕ, ದೊಡ್ಡ ಲೈಬ್ರರಿಗಳಲ್ಲಿ ವಿಚಾರಿಸಿ.

ತುಂಗಾತೀರ

ಹಾಗಾದರೆ ಮೊದಲು ಆರ್ಮ್‌ಫೀಲ್ಡ್, ಆಮೇಲೆ ದೇಥಾ. @ನೇರಮಾತು ನೀವೂ ಜೊತೆಗೆ ಓದಿ. ನಿಮ್ಮ ಜೊತೆ ವಾದ ಮಾಡಿದರೆ ನನಗೆ ಪುಸ್ತಕ ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ.

ನೇರಮಾತು

@ತುಂಗಾತೀರ ದೇಥಾ ಖಂಡಿತ ಓದುತ್ತೇನೆ. ಕಾರ್ಮಿಲಾ ವಿಷಯದಲ್ಲಿ ಮಾತ್ರ ನನ್ನ ಮಾತಿಗೆ ನಾನು ಬದ್ಧ. ವರದಿಯಿಂದ ತೆಗೆದದ್ದಾದರೂ ಗೂಟ ಗೂಟವೇ.